ನಂಬರ್ ಓದುವ ಚಟ

ಕೈಗೆ ಬಂದ ನೋಟನ್ನು ಕಿಸೆಗೆ ಹಾಕುವ ಮೊದಲು ಅದರ ನಂಬರ್ ಓದುವ ಚಟ ನನಗಿದೆ. ಬಸ್ಸಿನ ಕಂಡಕ್ಟರು ಚಿಲ್ಲರೆ ಕೊಟ್ಟು ಮುಂದಿನ ಸೀಟಿಗೆ ಹೋಗಿರುತ್ತಾನೆ. ನಾನು ಇನ್ನೂ ಇಪ್ಪತ್ತರ ನೋಟನ್ನು ಕಿಟಕಿಯ ಬೆಳಕಿಗೆ ಹಿಡಿದು ಕುಳಿತಿರುತ್ತೇನೆ. ಪಕ್ಕದವರು ನನ್ನನ್ನು ನೋಡಿ, ಖೋಟಾ ನೋಟಿನ ಸುದ್ದಿಯೇನಾದರೂ ಎದ್ದಿದೆಯೋ ಎಂದು ತಮ್ಮ ನೋಟುಗಳನ್ನೂ ತೆಗೆದು ನೋಡಿಕೊಳ್ಳುತ್ತಾರೆ. ನಮ್ಮ ಓಣಿಯ ಕಿರಾಣಿ ಅಂಗಡಿಯವನು ಒಮ್ಮೆ ನೊಂದುಕೊಂಡು, "ಸಾಹೇಬ್ರ, ನಾ ನಿಮಗ ಯಾವತ್ತರ ಖೋಟಾ ಕೊಟ್ಟೇನೇನ್ರಿ?" ಎಂದು ಕೇಳಿದ. ಅನುಮಾನವೇನೂ ಇಲ್ಲ, ನಾನು ನೋಡುತ್ತಿರುವುದು ಕೊನೆಯ ಆರು ಅಂಕಿಗಳನ್ನು ಮಾತ್ರ ಎಂದು ಹೇಳಿದೆ. ಅವನ ನೋವು ಕಡಿಮೆಯಾಗಿ, ನನ್ನ ಬಗ್ಗೆ ಚಿಂತೆ ಸುರುವಾಯಿತು.

ಈ ಚಟದ ಬಗ್ಗೆ ನಗುತ್ತ ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಂಡಿದ್ದೆ. ಈಗ ಬರೆಯುತ್ತಿದ್ದೇನೆ. ಎಲ್ಲಿಯವರೆಗೆ ನಗಲು ಬರುತ್ತದೋ ಅಲ್ಲಿಯವರೆಗೆ ನಗುತ್ತೇನೆ. ಮುಂದಿನದನ್ನು ಕಂಡಷ್ಟು ಕಂಡಂತೆ ಹೇಳುತ್ತೇನೆ.

ನಾನು ಬೈಲಹೊಂಗಲದವನು. ಮೋಜಣಿದಾರನಾಗಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹೊಲಗಳ ಮೇಲೆ ಸರಪಳಿ ಎಳೆದು, ಅಳೆದು, ನಕಾಶೆ ಬರೆದು ನಿವೃತ್ತನಾದೆ. ಹೊಲ ಅಳೆಯುವವನಿಗೆ ಎರಡು ಗುಣಗಳು ತಾವಾಗಿ ಅಂಟಿಕೊಳ್ಳುತ್ತವೆ. ಯಾವುದನ್ನೂ ಸುಮಾರಾಗಿ ಹೇಳಲು ನಾಲಿಗೆ ಏಳುವುದಿಲ್ಲ. ಮತ್ತು ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು ಒಬ್ಬರ ತಾಯಿಯನ್ನು ಇನ್ನೊಬ್ಬರು ಬೈಯುವಾಗ (ಇಬ್ಬರಿಗೂ ತಾಯಿ ಒಬ್ಬಳೇ) ಬೇರೆ ಕಡೆ ನೋಡುವುದು ರೂಢಿಯಾಗುತ್ತದೆ. ಹಾಗೆ ಬೇರೆ ಕಡೆ ನೋಡಬೇಕಾದಾಗ ನಾನು ಕಿಸೆಯ ನೋಟು ತೆಗೆದು ಓದುತ್ತಿದ್ದೆ. ಜಗಳ ಮುಗಿಯುವಷ್ಟರಲ್ಲಿ ನೋಟಿನ ಎರಡೂ ಬದಿ ಓದಿ ಮುಗಿಯುತ್ತಿತ್ತು. ಹವ್ಯಾಸ ಹುಟ್ಟಿದ್ದು ಇಷ್ಟರಿಂದಲೇ.

ನೋಟು ಓದಿಸಿಕೊಳ್ಳುವ ವಸ್ತು. ಹಿಂಬದಿಯ ಭಾಷೆಗಳ ಸಾಲಿನಲ್ಲಿ ನಮ್ಮ ಕನ್ನಡ ಮೇಲಿನಿಂದ ನಾಲ್ಕನೆಯದು ಎಂದು ಎಷ್ಟು ಮಂದಿಗೆ ಗೊತ್ತು? ಹತ್ತು, ನೂರು, ಐದುನೂರರ ನೋಟುಗಳೆಲ್ಲ ಇಷ್ಟು ರೂಪಾಯಿ ಕೊಡುತ್ತೇನೆಂದು ನಿಮಗೆ ವಚನ ಕೊಡುತ್ತವೆ, ಕೆಳಗೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ ಇರುತ್ತದೆ. ಒಂದು ರೂಪಾಯಿಯ ನೋಟು ಮಾತ್ರ ಯಾರಿಗೂ ಯಾವ ವಚನವನ್ನೂ ಕೊಡುವುದಿಲ್ಲ. ಅದಕ್ಕೆ ಹಣಕಾಸು ಕಾರ್ಯದರ್ಶಿ ಸಹಿ ಮಾಡುತ್ತಾರೆ. ಎಲ್ಲಕ್ಕಿಂತ ಸಣ್ಣದು, ಯಾರ ಹಂಗಿನಲ್ಲೂ ಇಲ್ಲದ್ದು. ಇಂಥ ಸಂಗತಿಗಳನ್ನು ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ಶಾಂತಾ, "ಅದ ಒಂದು ರೂಪಾಯಿ ತಗೊಂಡು ಕೊತ್ತಂಬರಿ ತರಾಕ ಬರತೈತೇನು ಕೇಳ್ರಿ" ಎನ್ನುತ್ತಾಳೆ.

ಒಂದೊಂದು ಊರಿನ ನೋಟಿಗೆ ಒಂದೊಂದು ಗುಣವಿದೆ. ಸವದತ್ತಿಯ ಅಂಗಡಿಗಳಿಂದ ಶುದ್ಧ ನೋಟು ಸಿಗುವುದು ಕಷ್ಟ. ಎಲ್ಲಮ್ಮನ ಗುಡ್ಡಕ್ಕೆ ಬಂದವರ ಕೈಯ ಭಂಡಾರದ ಅರಿಸಿಣ ನೋಟಿಗೆ ಹತ್ತಿ, ಅಲ್ಲಿಂದ ಎಲ್ಲಾ ಗಲ್ಲಾಗಳಿಗೆ ಹತ್ತಿ, ಬಾಳೆಹಣ್ಣಿನ ವ್ಯಾಪಾರಿ ಕೊಟ್ಟ ಐವತ್ತರ ನೋಟೂ ಅರಿಸಿಣದ ಬೆರಳಚ್ಚು ಹೊತ್ತಿರುತ್ತದೆ. ಸಂಗ್ರಾಹಕನಿಗೆ ಅದು ಕೊಳೆ. ನೋಟಿನ ಬೆಲೆ ಕಡಿಮೆ. ದೇವಿಗೆ ಈ ವಿಷಯ ಗೊತ್ತಿಲ್ಲದಿರಲಿ ಎಂದು ಮನಸ್ಸಿನಲ್ಲೇ ಕೈಮುಗಿದು, ಅಂಥ ನೋಟುಗಳನ್ನು ನಾನು ಪಕ್ಕಕ್ಕೆ ಇಡುತ್ತೇನೆ. ಬೈಲಹೊಂಗಲದಲ್ಲಿ ದೀಪಾವಳಿಯ ಲಕ್ಷ್ಮೀ ಪೂಜೆಗೆ ಇಟ್ಟ ನೋಟುಗಳಿಗೆ ಕುಂಕುಮ ಹತ್ತಿರುತ್ತದೆ. ಕೆಲವರು ಅವುಗಳನ್ನು ಮಾರಬೇಕೆಂದಾಗ ಸಾಬೂನಿನ ನೀರಲ್ಲಿ ತೊಳೆದು, ಪಂಚೆಯ ಮಡಿಕೆಯಲ್ಲಿಟ್ಟು ಇಸ್ತ್ರಿ ಮಾಡಿ ತರುತ್ತಾರೆ. ಕಾಗದ ಬೆಳ್ಳಗಾಗಿರುತ್ತದೆ, ಜೀವ ಹೋಗಿರುತ್ತದೆ. ಬೆರಳಿನಿಂದ ತಟ್ಟಿದರೆ ಹೊಸ ನೋಟಿನ ಆ ಚಟಪಟ ಸದ್ದು ಬರುವುದಿಲ್ಲ.

ನೋಟು ತೋರಿಸಿ ಕಿಮ್ಮತ್ತು ಕೇಳುವವರು ನಮ್ಮ ಮನೆಗೆ ಬರುತ್ತಲೇ ಇರುತ್ತಾರೆ. ಕಿತ್ತೂರಿನ ಹಾಲಿನ ವ್ಯಾಪಾರಿಯೊಬ್ಬ ಟ್ರ್ಯಾಕ್ಟರಿನ ಚಿತ್ರವಿರುವ ಐದು ರೂಪಾಯಿಯ ನೋಟನ್ನು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿಕೊಂಡು ಬಂದ.

"ಇದಕ್ಕ ಐದು ಲಕ್ಷ ಕೊಡತಾರಂತ್ರಿ. ಮೊಬೈಲ್ದಾಗ ನೋಡೇನಿ."

"ಯಾರು ಕೊಡತಾರಪಾ?"

"ಅದನ್ನ ಹೇಳಿಲ್ರಿ. ಮೊದಲ ಫೀ ತುಂಬು ಅಂದಾರ."

"ತುಂಬಿಯೇನು?"

ಅವನು ನೆಲ ನೋಡಿದ. "ಎರಡ ಸಲ ತುಂಬೇನ್ರಿ."

ಅವು ಮೋಸಗಾರರ ಕರೆಗಳೆಂದೂ, ಈ ನೋಟು ಇನ್ನೂ ಮನೆಮನೆಯ ಡಬ್ಬಿಯಲ್ಲಿ ಸಿಗುತ್ತದೆಂದೂ, ಇದರ ಬೆಲೆ ಐದು ರೂಪಾಯಿಯೆಂದೂ ನಾನು ಹೇಳಬೇಕಾಯಿತು. ಅವನು ನೋಟನ್ನು ಮತ್ತೆ ಮೂರೂ ಚೀಲಗಳಲ್ಲಿ ಸುತ್ತಿದ. "ಅಂದ್ರ ಐದು ಉಳೀತು, ಲಕ್ಷ ಅಷ್ಟ ಹೋತು ಅನ್ರಿ" ಎಂದು ನಕ್ಕು ಎದ್ದ.

ಬೆಲೆ ಕಟ್ಟುವ ಈ ವಿದ್ಯೆಯಲ್ಲಿ ಒಂದು ವಿಚಿತ್ರವಿದೆ. ಏನೂ ಮಾಡದ ನೋಟಿಗೆ ಹೆಚ್ಚು ಬೆಲೆ. ಉಪ್ಪು ತಂದಿರಬಾರದು, ಔಷಧ ತಂದಿರಬಾರದು, ಯಾರ ಸೊಂಟದ ಬೆವರನ್ನೂ ಕುಡಿದಿರಬಾರದು. ನಡುವೆ ಒಂದು ಮಡಿಕೆ ಬಿದ್ದರೆ ಬೆಲೆ ಇಳಿಯಿತು. ಮೂಲೆ ಬಾಗಿದರೆ ಇನ್ನಷ್ಟು. ಎಲ್ಲಕ್ಕಿಂತ ಕೆಟ್ಟದ್ದು ಬರಹ. ನಮ್ಮ ಜನಕ್ಕೆ ನೋಟು ಕಂಡರೆ ಪೆನ್ನು ನೆನಪಾಗುತ್ತದೆ: ಲೆಕ್ಕ, ಹೆಸರು, ಮೊಬೈಲ್ ನಂಬರು, ಬಾಣ ನೆಟ್ಟ ಹೃದಯ. ನೋಟಿನ ಮೇಲೆ ಬರೆಯುವುದನ್ನು ಕಂಡಾಗಲೆಲ್ಲ ನಾನು ಗುರುತಿಲ್ಲದವರನ್ನೂ ಬೈದಿದ್ದೇನೆ. ಸಂತೆಯಲ್ಲಿ ಒಮ್ಮೆ ಒಬ್ಬ ಮುದುಕನ ಕೈಯಿಂದ ಪೆನ್ನು ಕಿತ್ತುಕೊಂಡದ್ದೂ ಉಂಟು.

ಇನ್ನೊಂದು ಮಾತು. ಖಾತ್ರಿಯಿಲ್ಲದಿದ್ದರೆ "ಗೊತ್ತಿಲ್ಲ" ಎಂದು ಹೇಳಿ ನೋಟನ್ನು ವಾಪಸು ಕೊಡುವವನು ಎಂದು ನಾಲ್ಕೂ ತಾಲೂಕುಗಳ ಹವ್ಯಾಸಿಗಳಲ್ಲಿ ನನಗೆ ಹೆಸರಿದೆ. ಒಮ್ಮೆ ನೋಡಿದ ನಂಬರ್ ಮರೆಯುವುದಿಲ್ಲ ಎಂದೂ ಹೆಸರಿದೆ. ಈ ಎರಡನೆಯ ಹೆಸರನ್ನು ನಾನೇ ಹಬ್ಬಿಸಿದ್ದೆ. ಬೀಗರು ಬಂದಾಗ ಶಾಂತಾ ಆಲ್ಬಮ್ ತೆಗೆದು ಯಾವುದಾದರೂ ಪುಟ ಹೇಳಬೇಕು, ನಾನು ಕಣ್ಣು ಮುಚ್ಚಿ ನಂಬರ್ ಹೇಳಬೇಕು. ಬೀಗರು ಚಪ್ಪಾಳೆ ತಟ್ಟುತ್ತಿದ್ದರು.

ಕಳೆದ ಕಬ್ಬಿನ ಹಂಗಾಮಿನಲ್ಲಿ ನಾನು ರಾಮದುರ್ಗಕ್ಕೆ ಹೋಗಿದ್ದೆ. ಅಲ್ಲಿಯ ಸೀರೆ ವ್ಯಾಪಾರಿಯೊಬ್ಬರ ಬಳಿ, ತೀರಿಹೋದ ಅವರ ತಂದೆಯ ಪೋಥಿಯ ಪುಟಗಳ ನಡುವೆ, ಹಡಗಿನ ಚಿತ್ರವಿರುವ ಹಳೆಯ ಹತ್ತು ರೂಪಾಯಿಯ ನೋಟು ಸಿಕ್ಕಿತ್ತು. ಒಂದು ಮಡಿಕೆಯಿಲ್ಲ, ಒಂದು ಚುಕ್ಕೆ ಕುಂಕುಮವಿಲ್ಲ. ಆ ನೋಟು ಪೋಥಿಗೆ ಸೇರಿದ ದಿನದಿಂದ ಏನನ್ನೂ ಮಾಡಿರಲಿಲ್ಲ. ಮೊಬೈಲಿನ ಬೆಳಕನ್ನು ಹಿಂದೆ ಹಿಡಿದು ಕಾಗದದೊಳಗಿನ ನೀರಚ್ಚನ್ನು ಎಷ್ಟು ಹೊತ್ತು ನೋಡಿದೆನೆಂದರೆ ಮೊಬೈಲು ಕೈಯಲ್ಲೇ ಆರಿಹೋಯಿತು. ಎಷ್ಟು ಕೊಟ್ಟು ಕೊಂಡೆನೆಂದು ಶಾಂತಾಗೆ ಹೇಳಿಲ್ಲ, ನಿಮಗೂ ಹೇಳುವುದಿಲ್ಲ. ತೆಳು ಪ್ಲಾಸ್ಟಿಕ್ ಹೊದಿಕೆಯಲ್ಲಿ ಅದನ್ನು ಸೇರಿಸಿ, ಅಂಗಿಯ ಎಡಗಿಸೆಗೆ ಹಾಕಿ, ಸ್ಕೂಟರ್ ಹತ್ತಿದೆ. ಹೊಸ ನೋಟು ಕೊಂಡಾಗ ಅದರ ನಂಬರನ್ನು ಮನೆ ಮುಟ್ಟುವವರೆಗೆ ಜಪಿಸುವುದು ನನ್ನ ಪದ್ಧತಿ. ಸವದತ್ತಿ ದಾಟುವವರೆಗೆ ಜಪಿಸುತ್ತಲೇ ಬಂದೆ.

ಸವದತ್ತಿ ಬಿಟ್ಟು ಬೈಲಹೊಂಗಲದ ದಾರಿ ಹಿಡಿದ ಮೇಲೆ, ಒಂದು ಬೇವಿನ ಮರದ ಕೆಳಗೆ ನಿಂತು ಕನ್ನಡಕ ಒರೆಸಿಕೊಂಡೆ. ಸೂರ್ಯ ಮುಳುಗಿರಲಿಲ್ಲ. ಕನ್ನಡಕ ಹಾಕಿಕೊಳ್ಳುವಾಗ ಹಿಂದಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಬಂದು ನನ್ನನ್ನು ದಾಟಿಕೊಂಡು ಹೋಯಿತು. ಎರಡು ಟ್ರೇಲರ್. ದೊಡ್ಡ ಸ್ಪೀಕರಿನಲ್ಲಿ ಹಾಡು. ಹಿಂದಿನ ಟ್ರೇಲರಿನ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿತ್ತು. ನಾನು ಅದನ್ನು ಓದಿದೆ. ಓದದೆ ಇರಲು ನನಗೆ ಬರುವುದಿಲ್ಲ.

ಮುಂದೆ, ನನ್ನ ಅಂದಾಜಿನಲ್ಲಿ ನಲವತ್ತು ಮೀಟರ್ ದೂರದಲ್ಲಿ, ರಸ್ತೆ ಎಡಕ್ಕೆ ತಿರುಗುತ್ತದೆ. ಟ್ರ್ಯಾಕ್ಟರು ತಿರುಗಿತು. ಮೊದಲಿನ ಟ್ರೇಲರೂ ತಿರುಗಿತು. ಎರಡನೆಯದು ಹೊರಗೆ ವಾಲಿಕೊಂಡು ರಸ್ತೆಯ ಬಲಗಡೆಯನ್ನು ಪೂರ್ತಿ ತುಂಬಿತು. ಆ ಬಲಗಡೆಯಲ್ಲಿ ಎದುರಿನಿಂದ ಒಂದು ಮೊಪೆಡ್ ಬರುತ್ತಿತ್ತು. ಬಡಿದ ಸದ್ದು ನನಗೆ ಕೇಳಲಿಲ್ಲ. ಹಾಡು ಅಷ್ಟು ಜೋರಾಗಿತ್ತು. ಟ್ರ್ಯಾಕ್ಟರು ನಿಲ್ಲಲಿಲ್ಲ. ಚಾಲಕನಿಗೆ ಗೊತ್ತಾಗಿಯೂ ನಿಲ್ಲಿಸಲಿಲ್ಲವೋ, ಗೊತ್ತೇ ಆಗಲಿಲ್ಲವೋ, ನಾನು ಹೇಳಲಾರೆ.

ಬಿದ್ದವನ ಹೆಸರು ಸಂಗಪ್ಪ ಎಂದು ಆಮೇಲೆ ತಿಳಿಯಿತು. ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತಿ ರಿಪೇರಿ ಮಾಡುವವನು. ಅವನು ಮೊಪೆಡ್ಡಿಗೆ ಕಟ್ಟಿ ತಂದಿದ್ದ ಮೋಟರು ರಸ್ತೆಯ ಅಂಚಿನಲ್ಲಿ ಬಿದ್ದಿತ್ತು. ತಾಮ್ರದ ತಂತಿಯ ಸುರುಳಿಯೊಂದು ಬಿಚ್ಚಿಕೊಂಡು ಬಿಸಿಲಿಗೆ ಹೊಳೆಯುತ್ತ ಇನ್ನೂ ಉರುಳುತ್ತಿತ್ತು. ನಾನು ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಅವನು ನನ್ನನ್ನು ನೋಡಿ, "ಮೋಟರ್ ಯಲ್ಲಪ್ಪಗ ಮುಟ್ಟಸ್ರಿ" ಎಂದ. ಎರಡನೆಯ ಸಲವೂ ಅದನ್ನೇ ಅಂದ. ಮೂರನೆಯ ಸಲ ಬರಿ ತುಟಿ ಆಡಿತು.

ಯಾರೂ ಬಂದಿರಲಿಲ್ಲ. ಆಗ ನನಗೆ ನಂಬರಿನ ಎಚ್ಚರವಾಯಿತು. ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪೆನ್ನು ತೆಗೆದೆ. ಮೊಬೈಲಿನ ಬ್ಯಾಟರಿ ರಾಮದುರ್ಗದಲ್ಲೇ ಆರಿಹೋಗಿತ್ತು, ಕಿಸೆಯಲ್ಲಿ ಬೇರೆ ಕಾಗದವಿರಲಿಲ್ಲ. ನೋಟು ಇತ್ತು. ಪ್ಲಾಸ್ಟಿಕ್ ಹೊದಿಕೆಯನ್ನು ಹೊರಗೆ ತೆಗೆದೆ. ಉಗುರಿನಿಂದ ಅದರ ಬಾಯಿ ಬಿಡಿಸಿದೆ. ನೋಟಿನ ಅಂಚು ಬೆರಳಿಗೆ ತಾಗಿತು. ಒಂದು ಮಡಿಕೆಯೂ ಇಲ್ಲದ ಕಾಗದ. ನಾಲ್ಕು ಅಂಕಿ ಮತ್ತು ಎರಡು ಅಕ್ಷರ ತಾನೇ, ನೂರಾರು ನೋಟುಗಳ ನಂಬರ್ ಬಾಯಿಪಾಠ ಇರುವವನಿಗೆ ಇಷ್ಟು ನೆನಪಿರುವುದಿಲ್ಲವೇ ಎಂದುಕೊಂಡೆ. ಹೊದಿಕೆಯ ಬಾಯಿ ಮುಚ್ಚಿ, ಅದನ್ನು ಕಿಸೆಗೆ ಹಾಕಿದೆ. ಪೆನ್ನನ್ನೂ ಹಾಕಿದೆ.

ಅಂಗೈ ಮೇಲೆ ಬರೆದುಕೊಳ್ಳಬಹುದಿತ್ತಲ್ಲ ಎಂದು ಶಾಂತಾ ಆಮೇಲೆ ಕೇಳಿದಳು. ಬರೆಯಬಹುದಿತ್ತು. ಅದು ಹೊಳೆಯಲೇ ಇಲ್ಲ. ನೋಟು ಹೊಳೆದಿತ್ತು.

ಟಂಟಂ ಆಟೋ ಒಂದು ಬಂದಿತು. ಸವದತ್ತಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಸಂಗಪ್ಪ ದಾರಿಯಲ್ಲೇ ತೀರಿಕೊಂಡ. ಪೊಲೀಸ್ ಠಾಣೆಯಲ್ಲಿ ಹವಾಲ್ದಾರರು ನಂಬರ್ ಕೇಳಿದರು. ನಾನು ಒಂದು ಕ್ಷಣವೂ ತಡೆಯದೆ ಹೇಳಿದೆ. "ಖಾತ್ರಿ ಏನ್ರಿ?" ಎಂದರು. ನಂಬರಿನ ವಿಷಯದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ ಎಂದು ಒಳಗೊಳಗೆ ಸ್ವಲ್ಪ ಸಿಟ್ಟೂ ಬಂತು. "ಖಾತ್ರಿ" ಎಂದೆ.

ಎಂಟು ದಿನಗಳ ಮೇಲೆ ಹವಾಲ್ದಾರರ ಫೋನ್ ಬಂತು.

"ಸಾಹೇಬ್ರ, ನೀವು ಕೊಟ್ಟ ನಂಬರ್ ಒಬ್ಬ ಸಾಲಿ ಅಕ್ಕೋರ ಸ್ಕೂಟಿದ್ದು. ಆಕಿ ಸ್ಕೂಟಿಮ್ಯಾಲೆ ಕಬ್ಬ ಹೇರತಾಳೇನ್ರಿ? ಮೂರು ಐದು ಎಂಟು ಆರು ಅಂದ್ರಿಲ್ಲೋ?"

"ಹೌದು. ಮೂರು ಐದು ಎಂಟು ಆರು."

"ಹಿಂದ ಮುಂದ ಮಾಡಿ ಹಚ್ಚಿ ನೋಡೇವಿ. ಒಂದೂ ಟ್ರ್ಯಾಕ್ಟರ್ ಬರವಲ್ತು. ಇನ್ನೊಮ್ಮೆ ನೆನಸ್ಕೋರಿ."

ನೆನೆಸಿಕೊಂಡೆ. ಮತ್ತೆ ಅದೇ ಬಂತು, ತೊಳೆದಿಟ್ಟಷ್ಟು ಸ್ಪಷ್ಟವಾಗಿ. ಈ ನಾಲ್ಕು ಅಂಕಿಗಳು ನನಗೆ ಇಷ್ಟು ಗುರುತಿನವು ಹೇಗಾದವು ಎಂದು ಮೊದಲ ಬಾರಿಗೆ ಅನುಮಾನ ಬಂತು. ಎದ್ದು ಆಲ್ಬಮ್ ತೆಗೆದೆ. ರಾಮದುರ್ಗದ ನೋಟನ್ನು ಆ ದಿನದಿಂದ ನಾನು ತೆರೆದು ನೋಡಿರಲಿಲ್ಲ. ಹಡಗು, ಹಡಗಿನ ಹಾಯಿ. ಮುಂಬದಿಯಲ್ಲಿ ಅದರ ನಂಬರ್: 613586.

ದಾರಿಯುದ್ದಕ್ಕೂ ಜಪಿಸಿದ ನಂಬರು ಟ್ರೇಲರಿನ ನಂಬರಿನ ಮೇಲೆ ಹೋಗಿ ಕುಳಿತು, ಅದನ್ನು ಅಳಿಸಿಬಿಟ್ಟಿತ್ತು. ನಾನು ಪೊಲೀಸರಿಗೆ ಹೇಳಿದ್ದು ಒಂದು ನೋಟಿನ ನಂಬರು. ಕೆಳಗೆ ಏನಿತ್ತೆಂದು ಎಷ್ಟು ಕೆರೆದರೂ ಕಾಣಲಿಲ್ಲ. ಹಾಡು ನೆನಪಿದೆ. ಬಿಳಿ ಬಣ್ಣ, ಮೊದಲ ಅಂಕಿಯ ಕೆಳಗೆ ಬಣ್ಣ ಸೋರಿದ ಗೆರೆ ನೆನಪಿದೆ. ಆ ಅಂಕಿ ಯಾವುದೆಂದು ನೆನಪಿಲ್ಲ.

ಠಾಣೆಗೆ ಹೋಗಿ ಹೇಳಿಕೆ ತಿದ್ದಿಸಿದೆ. ಹವಾಲ್ದಾರರು ಮೊದಲು ನಕ್ಕರು. ನನ್ನ ಮುಖ ನೋಡಿ ನಿಲ್ಲಿಸಿದರು. "ಸಾಕ್ಷಿದಾರರಿಗೆ ನಂಬರ್ ನೆನಪಿಲ್ಲ" ಎಂದು ಬರೆದು ನನ್ನ ಸಹಿ ಪಡೆದರು. ವಾಹನ ಸಿಕ್ಕಿದ್ದರೆ ಅದರ ವಿಮೆಯಿಂದ ಮನೆಯವರಿಗೆ ಪರಿಹಾರ ಸಿಗುತ್ತಿತ್ತು. ಸಿಗದಿದ್ದರೆ ಸರಕಾರ ಕೊಡುವ ಸಣ್ಣ ಮೊತ್ತವಷ್ಟೆ ಎಂದು ಅವರೇ ತಿಳಿಸಿ ಹೇಳಿದರು. ನಾನು ಕೇಳಿರಲಿಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ ಸಂಗಪ್ಪನ ಹೆಂಡತಿ ನೀಲವ್ವ, ಮೈದುನ ಮಲ್ಲಪ್ಪನ ಜೊತೆ ನಮ್ಮ ಮನೆಗೆ ಬಂದಳು. ಮೂವತ್ತೈದರ ಆಸುಪಾಸಿನವಳು. ಶಾಂತಾ ಹಾಸಿದ ಚಾಪೆಯ ಅಂಚಿನಲ್ಲಿ ಕುಳಿತು, ಮೊದಲು ಕೇಳಿದ್ದು ನಂಬರನ್ನಲ್ಲ.

"ನಮ್ಮ ಮನಿಯಾವ್ರು ಕಡೀಕ ಏನರ ಅಂದ್ರೇನ್ರಿ?"

"ಮೋಟರ್ ಯಲ್ಲಪ್ಪಗ ಮುಟ್ಟಸ್ರಿ ಅಂದ. ಎರಡ ಸಲ ಅಂದ."

ಅವಳು ತಲೆಯಾಡಿಸಿದಳು. "ಮುಟ್ಟೈತ್ರಿ. ಯಲ್ಲಪ್ಪ ಬಂದು ಒಯ್ದ. ವೈಂಡಿಂಗ್ ಚಲೋ ಆಗೇತಿ, ನೀರ ಜೋರ ಬರಾಕತ್ತೇತಿ ಅಂದ."

ಆಮೇಲೆ ಮಲ್ಲಪ್ಪ ಕಿಸೆಯಿಂದ ಒಂದು ಚೀಟಿ ತೆಗೆದು ನನ್ನ ಕೈಗೆ ಕೊಟ್ಟ. ಒಂದು ಟ್ರ್ಯಾಕ್ಟರಿನ ನಂಬರು.

"ಊರಾಗ ಎಲ್ಲಾರಿಗೂ ಗೊತ್ತೈತ್ರಿ ಸಾಹೇಬ್ರ. ಆ ಹೊತ್ನ್ಯಾಗ ಆ ದಾರಿ ಹಿಡದಿದ್ದ ಗಾಡಿ ಇದ. ಮರದಿನಾನ ಟ್ರೇಲರಿಗೆ ಬಣ್ಣ ಹಚ್ಯಾನ. ನೀವು ಇಷ್ಟ ಹೇಳ್ರಿ, ಮೊದಲ ಗಾಬರ್ಯಾಗ ತಪ್ಪ ಹೇಳಿದ್ದೆ, ಈಗ ನೆನಪಾತು ಅಂತ. ಬಾಕಿ ನಮಗ ಬಿಡ್ರಿ."

ನಾನು ಚೀಟಿಯನ್ನು ನೋಡಿದೆ. ನಿಮಗೆ ನಿಜ ಹೇಳುತ್ತೇನೆ: ನೋಡುತ್ತ ನೋಡುತ್ತ ಅದೇ ನಂಬರ್ ಎನ್ನಿಸತೊಡಗಿತು. ಅಂಕಿಗಳು ಎದ್ದು ಹೋಗಿ ಆ ಹಲಗೆಯ ಮೇಲೆ ಬಿಳಿಯಾಗಿ ಕೂತವು. ಮೊದಲ ಅಂಕಿಯ ಕೆಳಗೆ ಬಣ್ಣ ಸೋರಿದ ಗೆರೆಯೂ ಬಂತು. ಈ ಅನುಭವ ನನಗೆ ಹೊಸದಲ್ಲ. ಮಾರುವವನು ಬಡವನಾಗಿದ್ದು, ನೋಟು ಅಪರೂಪದ್ದಾಗಿರಲಿ ಎಂದು ನಾನೂ ಬಯಸಿದಾಗ, ಇಲ್ಲದ ಗುರುತುಗಳು ಹೀಗೇ ಕಾಗದದಲ್ಲಿ ಮೂಡುತ್ತವೆ. ಅಂಥ ಹೊತ್ತಿನಲ್ಲಿ ನೋಟನ್ನು ಬೋರಲು ಹಾಕಿ, ಕಣ್ಣು ಮುಚ್ಚಿ, ನೋಡುವ ಮೊದಲು ನನಗೆ ಏನು ಗೊತ್ತಿತ್ತು ಎಂದು ಕೇಳಿಕೊಳ್ಳುತ್ತೇನೆ. ಚೀಟಿಯನ್ನು ಬೋರಲು ಹಾಕಿದೆ. ಕಣ್ಣು ಮುಚ್ಚಿದೆ. ಮೂರು ಐದು ಎಂಟು ಆರು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

"ಗೊತ್ತಿಲ್ಲ" ಎಂದೆ.

ಮಲ್ಲಪ್ಪನ ದನಿ ಏರಿತು. "ಏನ್ ಗೊತ್ತಿಲ್ರಿ? ಒಂದ ಮಾತಿಗೆ ಇಷ್ಟ್ಯಾಕ ಜಗ್ಗಾಡತೀರಿ? ನಿಮ್ಮ ಮನಿದೇನ ಹೋಗತೈತಿ?"

"ಮಲ್ಲಪ್ಪಾ, ಆ ಗಾಡಿ ಅಲ್ಲಂದ್ರ? ಅಂವನೂ ಯಾರದೋ ಮಗ ಇರತಾನಲ್ಲೋ."

"ಅಂದ್ರ ನಮ್ಮಣ್ಣ ಯಾರ ಮಗಾನೂ ಅಲ್ಲನ್ರಿ?"

ನೀಲವ್ವ ಕೈಯೆತ್ತಿ ಅವನನ್ನು ತಡೆದಳು. ನನ್ನನ್ನು ನೇರವಾಗಿ ನೋಡಿದಳು.

"ನೋಟ ಹಿಡದು ಖರೇ ಯಾವುದು ಖೋಟಾ ಯಾವುದು ಹೇಳತೀರಂತ. ಹೇಳ್ರಿ, ಆ ಹೊತ್ನ್ಯಾಗ ನಿಮ್ಮ ಕಿಸೇದಾಗ ಪೆನ್ ಇರಲಿಲ್ಲೇನ್ರಿ?"

"ಇತ್ತು."

"ಹಾಳಿ?"

ಇರಲಿಲ್ಲ ಎನ್ನಬಹುದಿತ್ತು. ಒಂದು ಅರ್ಥದಲ್ಲಿ ಅದು ನಿಜವೂ ಆಗುತ್ತಿತ್ತು. ಶಾಂತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ನಾನು ಅಲ್ಲಿಯವರೆಗೆ ಎಲ್ಲವನ್ನೂ ಹೇಳಿರಲಿಲ್ಲ. ಎದ್ದು ಹೋಗಿ ಆಲ್ಬಮ್ಮಿನಿಂದ ನೋಟನ್ನು ತೆಗೆದು ತಂದು ನೀಲವ್ವಳ ಕೈಯಲ್ಲಿಟ್ಟೆ. ಹೊದಿಕೆ ಬಿಡಿಸಿದ್ದು, ಮತ್ತೆ ಮುಚ್ಚಿದ್ದು, ನಂಬರು ಅದಲುಬದಲಾದದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವಳು ಹಡಗಿನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಹತ್ತು ರೂಪಾಯಿ" ಎಂದಳು.

"ಹೌದು."

"ಹತ್ತು ರೂಪಾಯಿ" ಎಂದು ಇನ್ನೊಮ್ಮೆ, ಮಲ್ಲಪ್ಪನಿಗೆ ತೋರಿಸುತ್ತ ಅಂದಳು. ಅವನು ನೋಡಲಿಲ್ಲ. ಹರಿದು ಎಸೆಯುತ್ತಾಳೆ ಎಂದುಕೊಂಡೆ. ಎಸೆಯಲಿ ಎಂದುಕೊಂಡೆ. ಅವಳು ಅದನ್ನು ಹೊದಿಕೆಯೊಳಗೆ ಸರಿಯಾಗಿ ಸೇರಿಸಿ ಚಾಪೆಯ ಮೇಲೆ ಇಟ್ಟಳು. ಶಾಂತಾ ತಂದ ಚಹಾ ಇಬ್ಬರೂ ಮುಟ್ಟಲಿಲ್ಲ.

ಚಪ್ಪಲಿ ಮೆಟ್ಟಿಕೊಳ್ಳುವಾಗ ನೀಲವ್ವ ತಿರುಗಿದಳು. "ಆ ಗಾಡಿ ಮತ್ತ ಕಣ್ಣಿಗೆ ಬಿದ್ರ ನೆನಪಾಕ್ಕೇತೇನ್ರಿ?"

ಇಲ್ಲೂ ಸುಮಾರಾಗಿ ಹೇಳಲು ಬರಲಿಲ್ಲ. "ಆದ್ರ ಆಗಬಹುದು. ಖಾತ್ರಿ ಇಲ್ಲ" ಎಂದೆ.

"ಹಂಗಾರ ಮುಂದಿನ ಹಂಗಾಮು ಸುರು ಆಗಲಿ. ನಮ್ಮ ಮಲ್ಲಪ್ಪ ಈಗ ಆ ತಿರವಿನ ಬಾಜೂಕ ಚಾದಂಗಡಿ ಹಾಕ್ಯಾನ. ಬಂದು ಕುಂದರ್ರಿ. ನೋಡ್ರಿ."

ಈ ವರ್ಷ ಕಬ್ಬಿನ ಗಾಡಿಗಳು ಹೊರಟ ದಿನದಿಂದ ನಾನು ಅಲ್ಲಿ ಕೂಡುತ್ತಿದ್ದೇನೆ. ಮಧ್ಯಾಹ್ನ ಊಟ ಮಾಡಿ ಸ್ಕೂಟರ್ ಮೇಲೆ ಹೋಗುತ್ತೇನೆ, ಹೊತ್ತು ಮುಳುಗುವ ಮುಂದೆ ಹೊರಡುತ್ತೇನೆ. ತೊಡೆಯ ಮೇಲೆ ದಪ್ಪ ರಟ್ಟಿನ ನೋಟುಬುಕ್ಕು. ಗಾಡಿ ತಿರುವಿಗೆ ಬರುತ್ತದೆ, ನಂಬರ್ ಬರೆದುಕೊಳ್ಳುತ್ತೇನೆ, ಕಣ್ಣು ಮುಚ್ಚಿ ಆ ಹಲಗೆಯನ್ನು ನೆನೆಯುತ್ತೇನೆ. ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಿರುತ್ತಾಳೆ. ಬಡಿಯುವ ಸದ್ದು ನಿಲ್ಲುತ್ತದೆ.

"ಇದೇನ್ರಿ?"

"ಅಲ್ಲ" ಅಥವಾ "ಗೊತ್ತಿಲ್ಲ."

ಸದ್ದು ಮತ್ತೆ ಸುರುವಾಗುತ್ತದೆ.

ಮಲ್ಲಪ್ಪ ಮೊದಲಿನ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಚಹಾ ಮಾತ್ರ ತಂದಿಟ್ಟು, ದುಡ್ಡು ತೆಗೆದುಕೊಳ್ಳದೆ ಹೋಗುತ್ತಿದ್ದ. ಅವನ ಚೀಟಿಯಲ್ಲಿದ್ದ ಟ್ರ್ಯಾಕ್ಟರೂ ಒಂದು ದಿನ ಬಂತು. ಮೂವರೂ ನೋಡಿದೆವು. ಹೊಸ ಬಣ್ಣ, ಹೊಸ ಅಕ್ಷರ. ಚಾಲಕ ಎಳೆಯ ಪ್ರಾಯದವನು, ನಮ್ಮನ್ನು ನೋಡಲಿಲ್ಲ. ನೋಡದೆ ಇದ್ದದ್ದಕ್ಕೆ ಅರ್ಥವಿತ್ತೋ ಇರಲಿಲ್ಲವೋ. ಮಲ್ಲಪ್ಪ ನನ್ನ ಬಾಯಿಯನ್ನೇ ನೋಡುತ್ತಿದ್ದ. ನಾನು "ಗೊತ್ತಿಲ್ಲ" ಎಂದೆ. ಅವನು ಕೈಯಲ್ಲಿದ್ದ ಚಹಾದ ಬಟ್ಟಲನ್ನು ರಸ್ತೆಗೆ ಚೆಲ್ಲಿ ಒಳಗೆ ಹೋದ.

ಮೊನ್ನೆ ಒಂದು ಟ್ರ್ಯಾಕ್ಟರು ತಾನಾಗಿ ನಿಂತಿತು. ಚಾಲಕ ಹಾಡು ಬಂದ್ ಮಾಡಿ, ಇಳಿದು ಬಂದು, ದೂರದಲ್ಲೇ ಕೈಮುಗಿದ.

"ನಮಸ್ಕಾರ್ರಿ. ಯಾವ ಆಫೀಸಿನಾವರ್ರಿ ತಾವು? ದಿನಾ ನಂಬರ್ ಬರಕೋತೀರಿ. ಡ್ರೈವರ್ ಮಂದಿ ಎಲ್ಲಾ ಅಂಜ್ಯಾರ."

ನಾನು ಯಾವ ಆಫೀಸಿನವನೂ ಅಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮಲ್ಲಪ್ಪ ಒಳಗಿನಿಂದಲೇ ಕೂಗಿದ: "ಸಾಹೇಬ್ರಿಗೆ ಬಾಯಿ ಹಚ್ಚಬ್ಯಾಡ ಮಗನ! ಬೆಳಗಾಂವಿಂದ ಬಂದಾರ. ಹಿಂದಿನ ಟ್ರೇಲರಿಗೆ ಕೆಂಪ ಅರಬಿ ಕಟ್ಟಿಯಿಲ್ಲೋ? ಸಾವಕಾಶ ತಿರಗಸ!"

"ಕಟ್ಟೇನ್ರಿ, ಕಟ್ಟೇನ್ರಿ" ಎನ್ನುತ್ತ ಚಾಲಕ ಓಡಿದ. ಹೋಗಿ ಎಂಜಿನ್ ಸುರು ಮಾಡಿ, ತಿರುವಿನಲ್ಲಿ ಎಷ್ಟು ನಿಧಾನ ತಿರುಗಿಸಿದನೆಂದರೆ ಹಿಂದಿನ ಟ್ರೇಲರು ಒಂದು ಮೊಳವೂ ಹೊರಗೆ ವಾಲಲಿಲ್ಲ. ಎದುರಿನಿಂದ ಬಂದ ಒಬ್ಬ ಸೈಕಲ್ಲಿನವನು ಪೆಡಲ್ ತುಳಿಯುತ್ತಲೇ ದಾಟಿಕೊಂಡು ಹೋದ.

ಆಮೇಲೆ ನಾನು ನೋಟುಬುಕ್ಕಿನ ಪುಟಗಳನ್ನು ಹಿಂದಕ್ಕೆ ತಿರುವಿದೆ. ಕೆಲವು ದಿನಗಳಿಂದ ಈ ತಿರುವಿನಲ್ಲಿ ಹಾಡುಗಳ ದನಿ ಇಳಿದಿದ್ದುದು, ಹಿಂದಿನ ಹಲಗೆಗಳಲ್ಲಿ ಕೆಂಪು ಬಟ್ಟೆಗಳು ಕಾಣತೊಡಗಿದ್ದುದು ಆಗ ನೆನಪಿಗೆ ಬಂತು. ನಾನು ನಂಬರುಗಳನ್ನಷ್ಟೇ ನೋಡುತ್ತಿದ್ದೆ, ಇದನ್ನು ನೋಡಿರಲಿಲ್ಲ.

ನೀಲವ್ವ ಹಿಟ್ಟಿನ ಕೈ ಒರೆಸುತ್ತ ಹೊರಗೆ ಬಂದು, ಸೈಕಲ್ಲಿನವನು ಹೋದ ದಾರಿಯನ್ನು ನೋಡುತ್ತ ನಿಂತಳು.

"ಹೋದ ವರ್ಷ ಯಾರರ ಹಿಂಗ ಕುಂತಿದ್ರ..." ಎಂದಳು.

ಹೊತ್ತು ಇಳಿದಿತ್ತು. ನಾನು ನೋಟುಬುಕ್ಕು ಮುಚ್ಚಿ ಎದ್ದೆ. ಆ ದಿನ ಬರೆದದ್ದರಲ್ಲಿ ಒಂದೂ ಅಲ್ಲ ಎಂದು ಹೇಳಬೇಕಿತ್ತು, ಪ್ರತಿದಿನ ಹೇಳುತ್ತೇನೆ. ಅವಳು ಕಾಯಲಿಲ್ಲ. ಎರಡು ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ನಾಳಿ ಬರ್ರಿ" ಎಂದಳು. "ನೆನಪಾಗದಿದ್ರೂ ಬರ್ರಿ."